ಅತ್ತೆಯ ಐತಾರದ ಹಿಂಡು

ನಮ್ಮ ಅತ್ತೆಗೆ ದೇವರ ಮೇಲೆ ಇರುವುದು ಭಕ್ತಿಯೋ ಹಳೆಯ ಜಗಳವೋ ಎಂಬುದು ನಮ್ಮ ಮನೆಯಲ್ಲಿ ಇಂದಿಗೂ ಫೈಸಲಾ ಆಗಿಲ್ಲ. ಬೇರೆಯವರು ಗುಡಿಗೆ ಹೋದರೆ ಕಣ್ಣು ಮುಚ್ಚಿ, ಕೈ ಮುಗಿದು, ತುಟಿಯಲ್ಲೇ ಏನೋ ಬೇಡಿಕೊಳ್ಳುತ್ತಾರೆ. ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತು, ಹೊರಗಿನ ಆಟೋದವರಿಗೂ ಕೇಳುವಂತೆ ಕುರಿ ಕಾಯುವವರ ದೇವರಾದ ಬೀರಪ್ಪನನ್ನು ವಿಚಾರಿಸಿಕೊಳ್ಳುತ್ತಾಳೆ. "ಏನಪಾ, ಹ್ವಾದ ವಾರ ಹೇಳಿದ್ದು ಏನ್ ಮಾಡ್ದಿ? ಬಂದು ಬಂದು ನನ್ನ ಚಪ್ಪಲಿ ಸವದ್ವು, ನೀ ಕುಂತಲ್ಲೇ ಕುಂತಿ." ದೇವರು ಉತ್ತರ ಕೊಡುವುದಿಲ್ಲ ಎಂದು ಜನ ದೂರುತ್ತಾರೆ. ಅತ್ತೆ ಬಾಯಿ ಮುಚ್ಚಿದರೆ ತಾನೇ ಅವನು ಕೊಡುವುದು?

ಅತ್ತೆ ಎಂದರೆ ನಮ್ಮ ತಂದೆಯ ಅಕ್ಕ. ಅವಳ ಅಪ್ಪ, ಅಂದರೆ ನಮ್ಮ ತಾತ, ಕುರಿ ಹಿಂಡು ಕಟ್ಟಿಕೊಂಡು ಕೃಷ್ಣೆಯ ದಂಡೆಯುದ್ದಕ್ಕೂ ತಿರುಗಿದವನು. ಅತ್ತೆಯ ಪಾಲಿಗೆ ಬಂದದ್ದು ಕುರಿಯಲ್ಲ, ಹಾಸ್ಟೆಲಿನ ಹುಡುಗರು. ಮೂವತ್ತು ವರ್ಷ ತೆಲಂಗಾಣ ಗಡಿಯ ನಾರಾಯಣಪೇಟೆಯ ಒಂದು ಹಾಸ್ಟೆಲಿನಲ್ಲಿ ಅಡುಗೆ ಮಾಡಿ, ಬಡಿಸಿ, ಬೈದು ನಿವೃತ್ತಳಾದಳು. ಬಂದ ಆಸ್ತಿ ಎಂದರೆ ಆ ಗಂಟಲು ಮತ್ತು ಬೀರಪ್ಪನ ಭಂಡಾರ ತುಂಬಿದ ಒಂದು ಹಳೆಯ ಪೌಡರ್ ಡಬ್ಬಿ. ಆ ಅರಿಸಿನವನ್ನು ಅವಳು ಹಚ್ಚದ ವಸ್ತು ನಮ್ಮ ಮನೆಯಲ್ಲಿಲ್ಲ. ಫ್ರಿಜ್ಜು, ಇನ್ವರ್ಟರು, ಗ್ಯಾಸಿನ ಸಿಲಿಂಡರು ಎಲ್ಲವೂ ದೀಕ್ಷೆ ಪಡೆದಿವೆ. ನಾನು ಹೊಸ ಸ್ಕೂಟಿ ತಂದ ದಿನ ಹೆಡ್‌ಲೈಟಿನ ಗಾಜಿಗೆ ಎಷ್ಟು ಬಳಿದಳೆಂದರೆ, ಮೂರು ದಿನ ಸಂಜೆಯ ಹೊತ್ತು ಇಡೀ ನಾರಾಯಣಪೇಟೆ ನನಗೆ ಅರಿಸಿನ ಹಚ್ಚಿಸಿಕೊಂಡ ಮದುಮಗಳ ಹಾಗೆ ಕಂಡಿತು.

ನಿವೃತ್ತಿಯಾದ ಮೇಲೆ ಬೈಯಲು ಮಕ್ಕಳಿಲ್ಲದೆ ಅತ್ತೆ ಸೊರಗಿದಳು. ಬಸ್‌ಸ್ಟ್ಯಾಂಡಿನ ಹಿಂದಿನ ನಮ್ಮ ಕಾಲೊನಿಯಲ್ಲಿ ಮಕ್ಕಳಿಗೇನು ಬರವೇ? ಆದರೆ ಅವು ಬೈಸಿಕೊಳ್ಳಲು ಹೊರಗೇ ಬರುತ್ತಿರಲಿಲ್ಲ. ಸ್ಕೂಲ್ ವ್ಯಾನಿನಿಂದ ಇಳಿದು ಒಳಗೆ ಹೋದರೆ ಫೋನು, ಫೋನು ಬಿಟ್ಟರೆ ಟಿವಿ, ಟಿವಿ ಬಿಟ್ಟರೆ ಟ್ಯೂಷನ್ನು. ಒಂದು ಐತಾರ, ಅಂದರೆ ಭಾನುವಾರ, ಮಧ್ಯಾಹ್ನ, ಇಡೀ ಕಾಲೊನಿ ಉಂಡು ಮಲಗಿದ್ದಾಗ, ಅತ್ತೆ ಬೀರಪ್ಪನ ಗುಡಿಯ ಗೂಟದಲ್ಲಿ ಧೂಳು ತಿನ್ನುತ್ತಿದ್ದ ಡೊಳ್ಳನ್ನು ಇಳಿಸಿ ತಂದು, ಓಣಿಯ ನಡುವೆ ನಿಂತು ಬಾರಿಸತೊಡಗಿದಳು. ದೊಡ್ಡವರೆಲ್ಲ ಜಗಳಕ್ಕೆ ಹೊರಗೆ ಬಂದರು. ಅವರ ಹಿಂದೆ ಮಕ್ಕಳು ತಮಾಷೆ ನೋಡಲು ಬಂದರು. ಅತ್ತೆಗೆ ಬೇಕಾದದ್ದೂ ಅದೇ.

"ಯಾಕ್ರೀ ಅಮ್ಮ, ಮಲಗಾಕ ಬಿಡಂಗಿಲ್ಲೇನ್ರಿ?" ಎಂದರು ಬ್ಯಾಂಕಿನ ಆಫೀಸರು.

"ನೀವು ಮಲಗ್ರೀ ಸಾಹೇಬ್ರ. ನಿಮ್ಮ ಹುಡುಗನ್ನ ಕಳಸ್ರಿ. ಐದಾರು ವರ್ಸದಿಂದ ಮಲಗೇ ಅದಾನ, ಒಂದೀಟು ಎಬ್ಬಸ್ತೀನಿ."

ಹೀಗೆ ಶುರುವಾಯಿತು ಅತ್ತೆಯ ಐತಾರದ ಶಾಲೆ. ಗುಡಿಯ ಮುಂದಿನ ಮಂಟಪದಲ್ಲಿ ಬೆಳಿಗ್ಗೆ ಏಳಕ್ಕೆ ಕಸ ಗುಡಿಸುವುದು, ಪೂಜೆ, ಬೀರಪ್ಪನ ಹಾಡು, ಆಮೇಲೆ ಡೊಳ್ಳು. ಫೀಸಿಲ್ಲ, ಕಂಡೀಷನ್ ಒಂದೇ: ತಂದ ಫೋನೆಲ್ಲ ದೇವರ ಮುಂದಿನ ಕಂಬಳಿಯ ಕೆಳಗೆ ಹೋಗಬೇಕು. ಒಮ್ಮೆ ಮಂಗಳಾರತಿಯ ಹೊತ್ತಿಗೆ ಸರಿಯಾಗಿ ಕಂಬಳಿಯ ಒಳಗಿಂದ ರಿಂಗಾಯಿತು. ಪೂಜಾರಿ ಆರತಿ ಎತ್ತಿದ ಕೈಯಲ್ಲೇ ಕಂಬಳಿಯತ್ತ ತಿರುಗಿದ. ಅತ್ತೆ ಬೀರಪ್ಪನ ಕಡೆ ತಿರುಗಿ, "ನಿನಗಲ್ಲ ಬಂದಿದ್ದು, ಸುಮ್ನಿರಪ್ಪ," ಎಂದು ಸಮಾಧಾನ ಮಾಡಿ ಫೋನೆತ್ತಿದಳು. ಆಕಡೆ ಯಾರೋ ತಾಯಿ, ಮಗ ನಾಷ್ಟಾ ಮಾಡಿದನೇ ಎಂದು ಕೇಳುತ್ತಿದ್ದರು. "ದೇವ್ರೇ ಇನ್ನಾ ಮಾಡಿಲ್ಲವ್ವ, ನಿನ್ನ ಮಗಂದು ಏನು ಅವಸರ?" ಎಂದು ಅತ್ತೆ ಇಟ್ಟುಬಿಟ್ಟಳು.

ಕಲಿಸುವ ರೀತಿಯೂ ಹಾಗೆಯೇ. ಇದ್ದದ್ದು ನಾಲ್ಕು ಡೊಳ್ಳು, ಬಂದ ಮಕ್ಕಳು ಇಪ್ಪತ್ತೆರಡು. ಉಳಿದವರಿಗೆ ಎಣ್ಣೆಯ ಖಾಲಿ ಡಬ್ಬ. ತಾಳವನ್ನು ಅಂಕಿಯಲ್ಲಿ ಹೇಳಿಕೊಡುವ ಪೈಕಿ ಅಲ್ಲ ನಮ್ಮತ್ತೆ. "ಜ್ವಾಳದ ರೊಟ್ಟಿ, ಪುಂಡಿಪಲ್ಯ, ಜ್ವಾಳದ ರೊಟ್ಟಿ, ಪುಂಡಿಪಲ್ಯ," ಎನ್ನುತ್ತ ಬಾರಿಸಬೇಕು. ವೇಗ ಹೆಚ್ಚಿದಂತೆ ಮಕ್ಕಳ ಬಾಯಲ್ಲಿ ರೊಟ್ಟಿಪಲ್ಯ ಒಂದಾಗಿ, ಹೊಟ್ಟೆಯಲ್ಲಿ ಹಸಿವಾಗಿ, ಎರಡು ತಾಸಿಗೆ ಎಲ್ಲರೂ ರೊಟ್ಟಿಯ ಬುಟ್ಟಿಯ ಮೇಲೆ ಬೀಳುತ್ತಿದ್ದರು. ಬಿಸ್ಕೀಟು ಬಿಟ್ಟು ಬೇರೆ ಮುಟ್ಟದ ಬ್ಯಾಂಕಿನವರ ಹುಡುಗ ಮೂರು ರೊಟ್ಟಿ ಮುಗಿಸಿ ನಾಲ್ಕನೆಯದಕ್ಕೆ ಕೈ ಚಾಚಿದ ದಿನ ಅವನ ತಾಯಿ ಗುಡಿಯಲ್ಲಿ ತೆಂಗಿನಕಾಯಿ ಒಡೆಸಿದರು.

ನಾನು ಕನ್ನಡ ಶಾಲೆಯ ಟೀಚರು. ಇಷ್ಟು ಮಕ್ಕಳಿರುವಲ್ಲಿ ಹಾಜರಿ ಪುಸ್ತಕವಿಲ್ಲವೆಂದರೆ ನನ್ನ ಜೀವ ತಡೆಯುತ್ತದೆಯೇ? ಹೊಸದೊಂದು ತಂದು, ಗೆರೆ ಎಳೆದು, ಹೆಸರು ಬರೆದು ಕೊಟ್ಟೆ. ಮರುವಾರ ಅದರ ಹಾಳೆಗಳು ಭಂಡಾರದ ಪೊಟ್ಟಣಗಳಾಗಿ ಭಕ್ತರ ಕೈ ಸೇರಿದ್ದವು. ಕೇಳಿದ್ದಕ್ಕೆ ಅತ್ತೆ, "ಹಿಂಡು ಎಣಸಬಾರ್ದು ತಂಗಿ, ದಿಟ್ಟಿ ಆಗ್ತೈತಿ. ನಮ್ಮಪ್ಪ ಒಂದಿನಾನೂ ಕುರಿ ಎಣಿಸಿದಾಂವಲ್ಲ. ಮಾರಿ ನೋಡ್ತಿದ್ದ. ಯಾವ ಮಾರಿ ಇಲ್ಲ ಅಂತ ಹೇಳ್ತಿದ್ದ," ಎಂದಳು. ಇವಳಿಗೆ ಲೆಕ್ಕ ಬಾರದು, ಈ ಮುಖ ನೋಡುವುದನ್ನು ಸಂಪ್ರದಾಯ ಎಂದು ದಾಟಿಸುತ್ತಿದ್ದಾಳೆ ಎಂದುಕೊಂಡು ನಾನು ಒಳಗೇ ನಕ್ಕೆ.

ಊರಿಗೆಲ್ಲ ಸಂತೋಷವಾದರೆ ಗುಡಿಯ ಹಿರಿಯರಿಗೆ ಆಗಬೇಕೆಂದು ಕಾನೂನಿದೆಯೇ? ಕಮಿಟಿಯ ಯಜಮಾನರು ಅತ್ತೆಯನ್ನು ಕರೆಸಿದರು. ಡೊಳ್ಳು ದೇವರ ವಾದ್ಯ, ಕಂಡಕಂಡ ಜಾತಿಯ, ಕಾಲೊನಿಯ ಹುಡುಗರ, ಅದರಲ್ಲೂ ಹೆಣ್ಣುಮಕ್ಕಳ ಆಟದ ಸಾಮಾನಲ್ಲ ಎಂದರು. ಅತ್ತೆಯೂ ಬಿಡಲಿಲ್ಲ. ಮಾತಿಗೆ ಮಾತು ಬೆಳೆದು ಕಡೆಗೊಂದು ಠರಾವಾಯಿತು. ಗದ್ವಾಲಿನ ಬೀರಪ್ಪನ ಗುಡಿಯಲ್ಲಿ ಸುತ್ತಿನ ಊರುಗಳ ಡೊಳ್ಳಿನ ಮೇಳಗಳೆಲ್ಲ ಸೇರುವ ದಿನ ಹತ್ತಿರವಿತ್ತು. ಅಲ್ಲಿ ಹಿರಿಯರ ಎದುರು ಮಕ್ಕಳು ಒಂದು ಡೊಳ್ಳಿನ ಪದವನ್ನು ಮೊದಲಿಂದ ಕೊನೆಯವರೆಗೆ ತಾಳ ತಪ್ಪದೆ ಬಾರಿಸಿದರೆ ಮಂಟಪ ಅವರದು. ತಪ್ಪಿದರೆ ಡೊಳ್ಳು ಮತ್ತೆ ಗೂಟಕ್ಕೆ, ಶಾಲೆ ಬಂದ್.

ಡೊಳ್ಳಿನ ಮೇಳವನ್ನು ನಡೆಸುವುದು ತಾಳ. ಆ ಕಂಚಿನ ತಾಳವನ್ನು ಅತ್ತೆ ಕೊಟ್ಟದ್ದು ಶಿವಲೀಲಾ ಎಂಬ ಹುಡುಗಿಗೆ. ಸೀರೆ ನೇಯುವವರ ಐದು ಮಕ್ಕಳಲ್ಲಿ ನಡುವಿನವಳು. ಹುಟ್ಟಿದಾಗಿನಿಂದ ಮಗ್ಗದ ಸದ್ದಿನಲ್ಲೇ ಮಲಗಿ ಎದ್ದವಳಾದ್ದರಿಂದ ಅವಳ ಕೈ ಗಡಿಯಾರಕ್ಕಿಂತ ನಿಯತ್ತು. ಬಾಯಿ ಮಾತ್ರ ಇಲ್ಲವೇ ಇಲ್ಲ. ನನ್ನ ಐದನೇ ತರಗತಿಯಲ್ಲೂ ಅವಳು ಇದ್ದಾಳೆ, ಹಿಂದಿನ ಬೆಂಚಿನಲ್ಲಿ.

ಆ ಐತಾರ ಬಾಡಿಗೆಯ ಮಿನಿಬಸ್ಸಿನಲ್ಲಿ ಗದ್ವಾಲಿಗೆ ಹೊರಟೆವು. ಹನ್ನೆರಡಕ್ಕೆ ನಮ್ಮ ಪಾಳಿ. ದಾರಿಯಲ್ಲಿ ಮಕ್ತಲ್ ಬಸ್‌ಸ್ಟ್ಯಾಂಡಿನ ಹತ್ತಿರ ಚಹಾಕ್ಕೆ ನಿಲ್ಲಿಸಿದರು. ಮಕ್ಕಳು ಅಲ್ಲೂ ಸುಮ್ಮನಿರದೆ ಡೊಳ್ಳು ತೆಗೆದು ನಾಲ್ಕು ಪೆಟ್ಟು ಹಾಕಿ ಜನ ಸೇರಿಸಿದರು. ಮತ್ತೆ ಬಸ್ಸು ಹತ್ತಿಸಿದ ಮೇಲೆ, ಟೀಚರಲ್ಲವೇ, ನಾನು ಬಾಗಿಲಲ್ಲಿ ನಿಂತು ತಲೆ ಎಣಿಸಿದೆ. ಒಮ್ಮೆಯಲ್ಲ, ಎರಡು ಸಲ. ಇಪ್ಪತ್ತೆರಡು. "ಎಲ್ಲಾ ಸರಿ ಐತಿ, ಬಿಡ್ರಿ ಗಾಡಿ," ಎಂದೆ.

"ನಿಂದರಸು," ಎಂದಳು ಅತ್ತೆ. "ಒಂದು ಮಾರಿ ಇಲ್ಲ. ಒಂದು ಮಾರಿ ನಮ್ದಲ್ಲ."

ನೋಡುತ್ತೇನೆ, ಕೊನೆಯ ಸೀಟಿನಲ್ಲಿ ತೊಡೆಯ ಮೇಲೆ ಎಣ್ಣೆಯ ಡಬ್ಬ ಇಟ್ಟುಕೊಂಡು, ಹುಟ್ಟಾ ನಮ್ಮ ಮೇಳದವನ ಹಾಗೆ, ಒಬ್ಬ ಅಪರಿಚಿತ ಹುಡುಗ ಕುಳಿತಿದ್ದ! ಡೊಳ್ಳಿನ ಸದ್ದು ಕೇಳಿ ಬಂದವನು ಸೀದಾ ಬಸ್ಸನ್ನೇ ಹತ್ತಿದ್ದ. ನನ್ನ ಲೆಕ್ಕವನ್ನು ಸರಿಮಾಡಿದ ಪುಣ್ಯಾತ್ಮ ಅವನೇ. ಹಾಗಾದರೆ ಇಲ್ಲದವರು ಯಾರು? ನಾನು ಒಂದೊಂದೇ ಮುಖ ನೋಡುತ್ತ ತಡವರಿಸುತ್ತಿದ್ದಾಗ ಅತ್ತೆ ಆಗಲೇ ಕೆಳಗಿಳಿದಿದ್ದಳು. "ಶಿವಲೀಲಾ," ಎಂದು ಅವಳು ಕೂಗಿದ್ದು ಮಕ್ತಲಿಗೆಲ್ಲ ಕೇಳಿಸಿತು. ವರ್ಷವಿಡೀ ದಿನಾ ಬೆಳಿಗ್ಗೆ ಆ ಹೆಸರು ಕೂಗಿದವಳು ನಾನು. "ಹಾಜರ್ ಟೀಚರ್" ಎಂಬ ಸಣ್ಣ ದನಿಗೆ ಟಿಕ್ಕು ಹಾಕಿದ್ದೆ, ತಲೆಯೆತ್ತಿ ನೋಡಿರಲಿಲ್ಲ. ನನಗೆ ನಾಚಿಕೆಯಾಯಿತು, ಅದನ್ನು ಬೇರೆ ಮಾತಿನಲ್ಲಿ ಹೇಳಲಾರೆ.

ಡ್ರೈವರು ಗಡಿಯಾರ ತೋರಿಸಿದ. "ಅಮ್ಮಾ, ಟೈಮಾಯಿಂದಿ. ಈಗ ಹೊಂಟ್ರ ಹನ್ನೆರಡಕ್ಕ ಮುಟ್ತೀವಿ. ಇಲ್ಲಂದ್ರ ಪಾಳಿ ಹ್ವಾತು." ಹಿರಿಯರು ಕಾಯುವವರಲ್ಲ, ಅದು ಎಲ್ಲರಿಗೂ ಗೊತ್ತಿತ್ತು. ಮಂಟಪ ಹೋಗುತ್ತದೆ, ಶಾಲೆ ಹೋಗುತ್ತದೆ. ನಾನು ಅತ್ತೆಯ ಮುಖ ನೋಡಿದೆ.

"ಹ್ವಾದ್ರ ಹೋಗ್ಲಿ," ಎಂದಳು. "ಹುಡುಗಿನ್ನ ಬಿಟ್ಟು ಮಂಟಪ ತಗೊಂಡು ಏನ್ ಮಾಡ್ಲಿ? ಅದರಾಗ ಮಲಗ್ಲೇನು?"

ಅರ್ಧ ತಾಸು ಹುಡುಕಿದೆವು. ಕಡೆಗೆ ಒಬ್ಬ ಮುದುಕಿ ಎದೆ ಬಡಿದುಕೊಳ್ಳುತ್ತ ಎದುರಿಗೆ ಬಂದಳು. ಮಿರ್ಚಿ ಭಜ್ಜಿಯ ಬಂಡಿಯವಳು. "ಯವ್ವಾ, ನನ್ನ ಮೊಮ್ಮಗನ್ನ ನೋಡಿರೇನು? ಯಾರದೋ ಹುಡುಗಿ ಬಂದು ನನ್ನ ಬಂಡಿ ಹಿಂದ ಅಳಕೋಂತ ಕುಂತಾಳ, ಆಕಿನ್ನ ಸಮಾಧಾನ ಮಾಡೂದ್ರಾಗ ನನ್ನ ಹುಡುಗ ಇಲ್ಲದಂಗ ಆದ."

"ನಿನ್ನ ಹುಡುಗ ನಮ್ಮ ಬಸ್ಸಿನ್ಯಾಗ ಅದಾನ," ಎಂದಳು ಅತ್ತೆ. "ನಡಿ, ನಮ್ಮ ಹುಡುಗಿನ್ನ ತೋರ್ಸು."

ಬಂಡಿಯ ಹಿಂದೆ ಶಿವಲೀಲಾ ತಾಳವನ್ನು ಲಂಗದಲ್ಲಿ ಸುತ್ತಿಕೊಂಡು ಕುಳಿತಿದ್ದಳು. ಆ ದಿನ ಅವಳು ಆಡಿದಷ್ಟು ಮಾತನ್ನು ನಾನು ಮೊದಲು ಕೇಳಿರಲಿಲ್ಲ. "ನಾ ತಾಳ ತಪ್ಪಿದ್ರ ಎಲ್ಲಾರದೂ ಹೋಗ್ತೈತಿ ಅಂತ ಅಂಜಿಕಿ ಬಂತು. ನಾ ಬರ್ಲಿಲ್ಲಂದ್ರ ಯಾರಿಗೂ ಗೊತ್ತಾಗಂಗಿಲ್ಲ ಅಂದ್ಕೊಂಡಿದ್ದೆ."

ಅತ್ತೆ ಬೈಯಲಿಲ್ಲ. ಡಬ್ಬಿ ತೆಗೆದು ಅವಳ ಹಣೆಗೆ, ಕೆನ್ನೆಗೆ, ಎರಡೂ ಅಂಗೈಗೆ ಭಂಡಾರ ಹಚ್ಚಿದಳು. "ತಪ್ಪಿದ್ರ ತಪ್ಪು. ನನ್ನ ಸಾರು ಮೂವತ್ತು ವರ್ಸದಾಗ ಎಷ್ಟು ಸಲ ಉಪ್ಪಾಗಿತ್ತು, ಹುಡುಗ್ರು ಉಣ್ಣಲಿಲ್ಲೇನು? ನಡಿ." ಭಜ್ಜಿಯ ಅಜ್ಜಿಗೆ ಸಂಜೆ ಕರೆತಂದು ಬಿಡುವುದಾಗಿ ಮಾತು ಕೊಟ್ಟು, ಆ ಹುಡುಗನನ್ನೂ ಕೂರಿಸಿಕೊಂಡಳು. ಅವನನ್ನು ಇಳಿಸಲು ನಾಲ್ಕು ಜನ ಬೇಕಾಗುತ್ತಿತ್ತು ಎಂಬುದು ಬೇರೆ ಮಾತು.

ಗದ್ವಾಲ್ ತಲುಪುವ ಹೊತ್ತಿಗೆ ಪಾಳಿಯೇನು, ಪಂಕ್ತಿಯೇ ಬಿದ್ದಿತ್ತು. ಗುಡಿಯ ಅಂಗಳದ ತುಂಬ ಡೊಳ್ಳಿನವರು ಸಾಲಾಗಿ ಕುಳಿತು ಉಣ್ಣುತ್ತಿದ್ದರು. ಯಜಮಾನರು ಬಡಿಸುವವರ ನಡುವೆ ನಿಂತು, "ಮುಗೀತವ್ವ. ಕರೆದಾಗ ನೀವು ಇರ್ಲಿಲ್ಲ. ಮಕ್ಕಳ್ನ ಕುಂದರ್ಸು, ಉಂಡು ಹೋಗ್ರಿ," ಎಂದರು. ಮಾತಿನಲ್ಲಿ ಕೆಟ್ಟತನವಿರಲಿಲ್ಲ, ಗೆದ್ದ ಸಮಾಧಾನವಿತ್ತು.

ಅತ್ತೆ ಅವರನ್ನು ದಾಟಿಕೊಂಡು ನಡೆದಳು. ಸೀದಾ ಗರ್ಭಗುಡಿಯ ಬಾಗಿಲಿಗೆ ಹೋಗಿ ಸೊಂಟದ ಮೇಲೆ ಕೈಯಿಟ್ಟಳು. "ಏನಪಾ ಬೀರಪ್ಪ, ನೀ ಕುರಿ ಕಾಯಾಂವ ಅದಿ ಏನು ಗಡಿಯಾರ ಕಾಯಾಂವ ಅದಿ? ಮಕ್ತಲ್‌ದಾಗ ಒಂದು ಮರಿ ತಪ್ಪಿತ್ತು. ನೀ ಆಗಿದ್ರ ಬಿಟ್ಟು ಬರ್ತಿದ್ದೇನು? ಹೂಂ ಅನ್ನು, ಈಗೇ ವಾಪಸ್ ಹೋಗ್ತೀನಿ."

ಇನ್ನೂರು ಜನರ ಕೈ ಎಲೆಯ ಮೇಲೆ ನಿಂತಿತು. ದೇವರು ಎಂದಿನಂತೆ ಹೂಂ ಅನ್ನಲಿಲ್ಲ. ಪಂಕ್ತಿಯ ಮೊದಲಿನಲ್ಲಿದ್ದ, ಹುಬ್ಬೂ ನೆರೆತ ಹಳೆಯ ಡೊಳ್ಳಿನ ತಾತನೊಬ್ಬ ಅನ್ನದ ಕೈಯಲ್ಲೇ ಎದ್ದು ನಿಂತ. "ಕುರುಬನ ಗುಡ್ಯಾಗ ಮರಿ ಹುಡಕಿ ಬಂದಾಕಿಗೆ ಪಾಳಿ ಇಲ್ಲೇನ್ರಿ? ಬಾರಸ್ಲಿ. ನಾ ಆಮ್ಯಾಗ ಉಣ್ತೀನಿ." ಅವನ ಹಿಂದೆ ಇನ್ನೊಬ್ಬ ಎದ್ದ, ಮತ್ತೊಬ್ಬ ಎದ್ದ. ಯಜಮಾನರು ಸುತ್ತ ನೋಡಿದರು. ಕುಳಿತವರು ಯಾರೂ ಉಳಿದಿರಲಿಲ್ಲ.

ಶಿವಲೀಲಾ ಮುಂದೆ ಬಂದಳು. ಮೊದಲನೆಯ ತಾಳ ಸಣ್ಣಗೆ ಬಿತ್ತು. ಎರಡನೆಯದಕ್ಕೆ ಅವಳ ಬೆನ್ನು ನೆಟ್ಟಗಾಯಿತು. ಆಮೇಲೆ ನಾಲ್ಕು ಡೊಳ್ಳು, ಮಕ್ತಲಿನ ಹುಡುಗನದೂ ಸೇರಿ ಹದಿನೆಂಟು ಡಬ್ಬ ಒಟ್ಟಿಗೆ ಎದ್ದವು ನೋಡಿ, ನನ್ನ ಮೈಯೆಲ್ಲ ಜುಮ್ಮೆಂದಿತು! ಅಂಜಿಕೆಯ ಹುಡುಗಿ ತಾಳವನ್ನು ಏರಿಸಿದಳು, ಇಳಿಸಿದಳು, ಇನ್ನೂ ಏರಿಸಿದಳು. ಒಂದು ಪೆಟ್ಟು ತಪ್ಪಲಿಲ್ಲ. ಫೋನಿಗೆ ಅಂಟಿಕೊಂಡಿದ್ದ ಬ್ಯಾಂಕಿನವರ ಹುಡುಗ ತನ್ನಷ್ಟೇ ದೊಡ್ಡ ಡೊಳ್ಳನ್ನು ಹೊತ್ತು ಗಿರಗಿರನೆ ತಿರುಗಿ ಬಾರಿಸಿದ. ಮೂರನೆಯ ಸುತ್ತಿಗೆ ತಾತ ಕೈ ತೊಳೆದು ಬಂದು ತನ್ನ ಡೊಳ್ಳು ಬಿಗಿದುಕೊಂಡ. ನಾಲ್ಕನೆಯ ಸುತ್ತಿಗೆ ಸುತ್ತಿನ ಊರುಗಳ ಡೊಳ್ಳುಗಳೆಲ್ಲ ಸೇರಿಕೊಂಡವು. ಅಷ್ಟೂ ಗಂಡಸರು ಆ ಹತ್ತು ವರ್ಷದ ಹುಡುಗಿಯ ಕೈ ನೋಡಿಕೊಂಡು ಬಾರಿಸುತ್ತಿದ್ದರು.

ಮುಗಿದ ಮೇಲೆ ಯಜಮಾನರೇ ಅತ್ತೆಯ ಹತ್ತಿರ ಬಂದರು. "ಐತಾರ ಮಂಟಪ ನಿಮ್ದು. ಮಕ್ಕಳಿಗೆ ಡಬ್ಬಾ ಯಾಕ? ನಮ್ಮ ಮನ್ಯಾಗ ಎರಡು ಡೊಳ್ಳು ಅದಾವ, ಕಳಸ್ತೀನಿ," ಎಂದರು. ಹೊರಡಲು ತಿರುಗಿದವರು ಮತ್ತೆ ಬಂದು, "ನನ್ನ ಮೊಮ್ಮಗಳೂ ಬರ್ತೀನಿ ಅಂತಾಳ," ಎಂದರು. ಅತ್ತೆ ಗೆದ್ದಾಗ ಹೇಗಿರುತ್ತಾಳೆ ಎಂದು ಕೇಳುತ್ತೀರಾ? ನಾಲ್ಕು ಸಲ ಅನ್ನ ಹಾಕಿಸಿಕೊಂಡು, ಗದ್ವಾಲಿನ ಅಡುಗೆಯವರಿಗೆ ಸಾರು ಮಾಡುವುದು ಹೇಗೆಂದು ಹೇಳಿಕೊಟ್ಟು ಹೊರಟಳು.

ಮಕ್ತಲಿನಲ್ಲಿ ಹುಡುಗನನ್ನು ಅಜ್ಜಿಗೆ ಒಪ್ಪಿಸಿದ ಮೇಲೆ ಬಸ್ಸಿನಲ್ಲಿ ಮಕ್ಕಳೆಲ್ಲ ಒಬ್ಬರ ಮೇಲೊಬ್ಬರು ಒರಗಿ ನಿದ್ದೆಹೋದರು. ಶಿವಲೀಲಾ ಮಾತ್ರ ಅತ್ತೆಯ ಪಕ್ಕದಲ್ಲಿ ಕಣ್ಣು ಬಿಟ್ಟು ಕುಳಿತಿದ್ದಳು. ಅತ್ತೆಯ ಸೆರಗು ಎಳೆದು ಕೇಳಿದಳು:

"ಅಮ್ಮಾ, ನಾ ಒಂದು ಐತಾರ ಬರ್ಲಿಲ್ಲಂದ್ರ ಮತ್ತ ಹಿಂಗೇ ಹುಡುಕ್ತೀರೇನು?"

"ಹುಡುಕೂದ್ಯಾಕ? ಸೀದಾ ನಿಮ್ಮ ಮನಿಗೇ ಬರ್ತೀನಿ. ಮಗ್ಗದ ಬಾಜೂಕ ಕುಂತು, ನಮ್ಮ ಶಿವಲೀಲಾ ಎಲ್ಲಿ ಅಂತ ಕೇಳ್ತೀನಿ. ನೀ ಬರೂತನ ಏಳಂಗಿಲ್ಲ."

ಹುಡುಗಿ ಅತ್ತೆಯ ಕಡೆ ಸರಿದು ಕುಳಿತಳು. ಐದು ಮಕ್ಕಳ ಆ ಮನೆಗೆ ಅವಳೊಬ್ಬಳನ್ನೇ ಕೇಳಿಕೊಂಡು ಯಾರೂ ಬಂದಿರಲಿಕ್ಕಿಲ್ಲ.

"ಹಂಗಾರ ಒಂದು ಐತಾರ ನಾ ಬರಂಗಿಲ್ಲ ನೋಡ್ರಿ," ಎಂದು ಹೇಳಿ, ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು.