ಯಾವಾಗ ಬೇಕಾದರೂ ಹೋಗಬಹುದು

ಟೆಲಿಗ್ರಾಂ ಡಾಕ್ಟರು ಆ ದಿನ ಬೆಳಿಗ್ಗೆ ವಾರ್ಡಿನ ಬಾಗಿಲಲ್ಲಿ ನಿಂತು ಆಡಿದ್ದು ಮೂರೇ ಮಾತು. ಮೂರೂ ಅಪ್ಪಟ ಸತ್ಯ. ಆದರೂ ಆ ಮೂರು ಮಾತಿಗೆ ಒಂದು ಬೀದಿಗೆ ಬೀದಿಯೇ ಅತ್ತಿತೆಂದರೆ ತಪ್ಪು ಯಾರದೆಂದು ನೀವೇ ಹೇಳಬೇಕು.

ಆ ಅಡ್ಡಹೆಸರು ಅವರಿಗೆ ಹುಟ್ಟುತ್ತಲೇ ಬಂದದ್ದಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಬಾಯ್ತುಂಬ ಮಾತಾಡುತ್ತಿದ್ದರು. ರೋಗಿಯ ಮೊಮ್ಮಗಳು ಯಾವ ಕ್ಲಾಸು ಎಂದೂ ವಿಚಾರಿಸುತ್ತಿದ್ದರು. ಬರಬರುತ್ತಾ ಬಾಗಿಲಾಚೆಯ ಸಾಲು ಉದ್ದವಾಯಿತು, ಮಾತು ಹಳೇ ಕಾಲದ ತಂತಿ ಸಂದೇಶದಂತೆ ಮೋಟಾಯಿತು. ದಿನವಿಡೀ ಮಂದಿಯ ನೋವು ಕೇಳಿ ಸಂಜೆ ಮನೆಗೆ ಬಂದರೆ ಹೆಂಡತಿಗೆ "ಹೂಂ", ಮಗಳಿಗೆ "ನಾಳೆ". ಒಮ್ಮೆ ಮಗಳು ಚಿತ್ರ ತೋರಿಸಲು ಬಂದಾಗ ಕಣ್ಣೆತ್ತದೆ "ನೆಕ್ಸ್ಟ್" ಎಂದುಬಿಟ್ಟಿದ್ದರು. ಮನುಷ್ಯ ಕೆಟ್ಟವರಲ್ಲ, ದಣಿದಿದ್ದರು ಅಷ್ಟೆ.

"ಈ ಸಲನೂ ರಜೆ ಸಿಗ್ಲಿಲ್ಲ ಅಂದ್ರೆ, ನಾನೂ ನಿಮ್ಮ ಆಸ್ಪತ್ರೇಲಿ ಚೀಟಿ ಮಾಡಿಸ್ಕೊಂಡು ಸಾಲಲ್ಲಿ ನಿಲ್ತೀನಿ. ಗಂಡನ ಹತ್ರ ಮಾತಾಡೋಕೆ ಬೇರೆ ದಾರಿ ಕಾಣೆ" ಎಂದು ಹೆಂಡತಿ ಬೆಳಿಗ್ಗೆ ಹೇಳಿ ಕಳಿಸಿದ್ದಳು. ಹತ್ತು ದಿನದ ರಜೆಗೆ ಪೆಟ್ಟಿಗೆ ತುಂಬಿ ಬಾಗಿಲ ಬಳಿ ಇಟ್ಟಾಗಿತ್ತು.

ಸಹಿ ಹಾಕಬೇಕಾದವರು ದೊಡ್ಡ ಡಾಕ್ಟರು, ಅಂದರೆ ಆಸ್ಪತ್ರೆಯ ಮುಖ್ಯಸ್ಥರು. ಅವರು ಕರೆಸಿ ಹೇಳಿದ್ದರು: "ನೋಡಿ, ನಿಮ್ಮ ಕೈಗುಣ ಬಂಗಾರ, ಆದ್ರೆ ನಾಲಿಗೆ ತುಕ್ಕು. ಇವತ್ತೊಂದು ದಿನ ನಿಮ್ಮ ಮಾತಿನ ಬಗ್ಗೆ ದೂರು ಬರ್ಬಾರ್ದು. ಬರ್ಲಿಲ್ವಾ, ಸಂಜೆ ಸಹಿ. ಬಂತಾ, ರಜೆ ಮರೆತುಬಿಡಿ."

ಹೀಗೆ ಪ್ರಾಣ ಕೈಯಲ್ಲಿ ಹಿಡಿದುಕೊಂಡೇ ಡಾಕ್ಟರು ವಾರ್ಡಿಗೆ ಹೋದರು. ಎದೆನೋವೆಂದು ಹಿಂದಿನ ದಿನ ಸೇರಿದ್ದ ಟೈಲರ್ ಅಜ್ಜನ ಪರೀಕ್ಷೆಗಳೆಲ್ಲ ಮುಗಿದಿದ್ದವು. ಹೃದಯ ಗಡಿಯಾರದಂತೆ ನಡೆಯುತ್ತಿತ್ತು. ನೋವು ಬರೀ ಗ್ಯಾಸಿನದು. ಅಜ್ಜನ ಮಗ ಬಾಗಿಲಲ್ಲಿ ತಡೆದು ಕೇಳಿದ: "ಸಾರ್, ನಮ್ಮಪ್ಪ ಹೇಗಿದ್ದಾರೆ?"

ದೂರು ಬರಬಾರದೆಂದು ಡಾಕ್ಟರು ಆದಷ್ಟು ಮೆತ್ತಗೆ, ಅವನ ಹೆಗಲ ಮೇಲೆ ಕೈಯಿಟ್ಟು ಹೇಳಿದರು: "ನಾವು ಮಾಡೋದು ಇನ್ನೇನೂ ಉಳಿದಿಲ್ಲ. ಯಾವಾಗ ಬೇಕಾದ್ರೂ ಹೋಗ್ಬಹುದು. ಮನೇಲಿ ಕೇಳಿದ್ದೆಲ್ಲ ತಿನ್ನೋಕೆ ಕೊಡಿ."

ಇಷ್ಟು ಹೇಳಿ ಮುಂದಿನ ಹಾಸಿಗೆಗೆ ನಡೆದರು. ಇವತ್ತು ಒಂದು ಮಾತು ಹೆಚ್ಚೇ ಆಡಿದೆನೆಂಬ ಹೆಮ್ಮೆ ಬೇರೆ.

ಮಧ್ಯಾಹ್ನ ವಾರ್ಡಿನ ಹಿರಿಯ ಸಿಸ್ಟರ್ ಏದುಸಿರು ಬಿಡುತ್ತಾ ಬಂದರು. "ಡಾಕ್ಟ್ರೇ, ಟೈಲರ್ ಅಜ್ಜನ ಮಗನಿಗೆ ಏನಂದ್ರಿ?"

"ಹೋಗ್ಬಹುದು ಅಂದೆ."

"ಯಾವ ಹೋಗ್ಬಹುದು?"

"ಅಂದ್ರೆ?"

"ಮನೆಗೆ ಹೋಗ್ಬಹುದು ಅಂದ್ರಾ, ಬರೀ ಹೋಗ್ಬಹುದು ಅಂದ್ರಾ? ಆ ಹುಡುಗ ಗೋಳೋ ಅಂತ ಅತ್ಕೊಂಡು ಅಪ್ಪನ್ನ ಕರ್ಕೊಂಡು ಹೋದ. ಈಗ ಅವರ ಬೀದಿ ತುಂಬ ಜನ ಸೇರಿದಾರಂತೆ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇಲ್ಲಿ ಮಾತಿನ ಜತೆ ರಜೆಯೂ ಹೋಗುವುದರಲ್ಲಿತ್ತು. ಊಟದ ಡಬ್ಬಿಯನ್ನು ಹಾಗೇ ಬಿಟ್ಟು, ಸ್ಟೆತಾಸ್ಕೋಪು ಕೊರಳಲ್ಲೇ ಇದ್ದಂತೆ ಓಡಿದರು.

ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಪಕ್ಕದ ಮನೆಯಾಕೆ ಬಂದವರನ್ನೆಲ್ಲ ಸಾಲಾಗಿ ಕೂರಿಸಿ, ಯಾರು ಮೊದಲು ಅಳಬೇಕೆಂಬುದನ್ನೂ ತಾನೇ ಗೊತ್ತುಮಾಡುತ್ತಿದ್ದಳು. ಡಾಕ್ಟರು ಕೈಯೆತ್ತಿ ಕೂಗಿದರು: "ಯಾರೂ ಅಳ್ಬೇಡಿ! ಅಜ್ಜನಿಗೆ ಏನೂ ಆಗಿಲ್ಲ! ಕಲ್ಲುಗುಂಡಿನ ಹಾಗಿದ್ದಾರೆ!"

ಪಕ್ಕದ ಮನೆಯಾಕೆ ಸೆರಗನ್ನು ಕಣ್ಣಿಗೊತ್ತಿಕೊಂಡಳು. "ಎಂಥ ದೊಡ್ಡ ಮನಸ್ಸು ನೋಡ್ರೀ! ಮನೆ ತನಕ ಬಂದು ಧೈರ್ಯ ಹೇಳ್ತಿದಾರೆ."

"ಧೈರ್ಯ ಅಲ್ಲಮ್ಮಾ, ನಿಜ! ಇನ್ನೂ ಇಪ್ಪತ್ತು ವರ್ಷ ಬದುಕ್ತಾರೆ!"

"ಕೊನೇ ಗಳಿಗೇಲಿ ಎಲ್ಲಾ ಡಾಕ್ಟ್ರೂ ಹೀಗೇ ಹೇಳೋದು" ಎಂದು ಹಿಂದಿನಿಂದ ಯಾರೋ ನಿಟ್ಟುಸಿರುಬಿಟ್ಟರು. ಅಳು ಇಮ್ಮಡಿಯಾಯಿತು. ಚುಟುಕಾಗಿ ಹೇಳಿದಾಗ ತಪ್ಪು ತಿಳಿದ ಜನ, ಬಿಡಿಸಿ ಹೇಳಿದರೆ ನಂಬಲೇ ಇಲ್ಲ.

ಒಳಗೆ ಅಜ್ಜ ದಿಂಬಿಗೊರಗಿ ಸಿಹಿ ಮೆಲ್ಲುತ್ತಿದ್ದ. ಕಾಲ ಬುಡದಲ್ಲಿ ಇನ್ನೊಬ್ಬ ಮುದುಕ ಪಾದ ಒತ್ತುತ್ತಾ ಕೂತಿದ್ದ. ಡಾಕ್ಟರನ್ನು ಕಂಡದ್ದೇ ಅಜ್ಜ ಎಲ್ಲರನ್ನೂ ಹೊರಗೆ ಕಳಿಸಿ, ಕದ ಮುಂದೆ ಮಾಡಿಸಿ ಪಿಸುಗುಟ್ಟಿದ: "ಗ್ಯಾಸು ತಾನೇ? ಬೆಳಿಗ್ಗೆನೇ ಸಿಸ್ಟರಮ್ಮ ಹೇಳಿದ್ರು."

"ಗೊತ್ತಿದ್ದೂ ಸುಮ್ನಿದ್ರಾ ಅಜ್ಜಾ?"

"ಕಾಲು ಒತ್ತುತಿದ್ನಲ್ಲ, ಅವನು ನನ್ನ ತಮ್ಮ. ಅವನೂ ಟೈಲರ್ರೇ. ನಮ್ಮಿಬ್ಬರ ಅಂಗಡಿಗೂ ಒಂದೇ ಗೋಡೆ. ಯಾವ ಕಾಲದಲ್ಲೋ ನಾನು ಹೊಲಿದ ಕಾಲರ್ ಸೊಟ್ಟ ಅಂದ, ಅವತ್ತಿಂದ ಮಾತಿಲ್ಲ. ಇವತ್ತು ಓಡಿಬಂದು, ಅಣ್ಣಾ, ಕಾಲರ್ ನೆಟ್ಟಗೇ ಇತ್ತು ಕಣೋ ಅಂತ ಅತ್ತ. ಡಾಕ್ಟ್ರೇ, ನಿಮ್ಮ ಹೊಟ್ಟೆ ತಣ್ಣಗಿರ್ಲಿ. ನಾಳೆವರೆಗೂ ಹೇಳ್ಬೇಡಿ."

ಡಾಕ್ಟರು ಸ್ಟೂಲಿನ ಮೇಲೆ ಕುಸಿದರು. ಅಜ್ಜ ಅವರ ಮುಖವನ್ನೇ ನೋಡಿದ. "ಊಟ ಮಾಡಿದ್ರಾ? ಇಲ್ಲ ಅಲ್ವಾ? ದಿನಾ ಅಷ್ಟು ಜನರ ನೋವು ಕೇಳ್ತೀರಲ್ಲ ಮಗಾ, ನಿಮ್ಮದನ್ನ ಯಾರು ಕೇಳ್ತಾರೆ?"

ಅಷ್ಟೇ. ಟೆಲಿಗ್ರಾಂ ಡಾಕ್ಟರ ಕಟ್ಟೆ ಒಡೆಯಿತು. ಸಾಲಿನ ಬಗ್ಗೆ, ನಿದ್ದೆಯ ಬಗ್ಗೆ, ಮಗಳಿಗೆ "ನೆಕ್ಸ್ಟ್" ಎಂದ ಬಗ್ಗೆ ಎಲ್ಲ ಹೇಳಿಕೊಂಡರು. ಅಜ್ಜ ನಡುವೆ ಬಾಯಿ ಹಾಕದೆ, ಹೂಂಗುಟ್ಟುತ್ತಾ ಕೇಳಿದ. ಅಜ್ಜನ ಹೆಂಡತಿ ತಟ್ಟೆ ತಂದಿಟ್ಟು, ಉಣ್ಣುವತನಕ ಎದುರಿಗೇ ನಿಂತಳು. ಎದೆ ಹಗುರಾಗಿ, ಈ ಮನೆಯ ಉಪಕಾರ ಜನ್ಮದಲ್ಲಿ ಮರೆಯಬಾರದು ಎಂದುಕೊಂಡರು ಡಾಕ್ಟರು.

ಕೈ ತೊಳೆದು ಹೇಳಿದರು: "ಅಜ್ಜಾ, ಸುಳ್ಳು ಹೇಳೋಕೆ ನನ್ನಿಂದಾಗಲ್ಲ. ಆದ್ರೆ ನಿಜಾನ ಈ ಸಲ ಸರಿಯಾಗಿ ಹೇಳ್ತೀನಿ."

ಎಲ್ಲರನ್ನೂ ಒಳಗೆ ಕರೆದರು. ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸು ಹಿಡಿದು, ಕರಿ ಬಟ್ಟೆಯ ಮೇಲೆ ಎದೆ ಬರೆದರು, ಹೊಟ್ಟೆ ಬರೆದರು. ಹೊಟ್ಟೆಯ ಗಾಳಿ ಎದೆಯ ನೋವಿನ ವೇಷ ಹಾಕುವುದನ್ನು ಬಿಡಿಸಿ ಬಿಡಿಸಿ ಹೇಳಿದರು. ಬೆಳಿಗ್ಗೆ ತಾವು ಅರ್ಧ ಮಾತು ನುಂಗಿದ್ದಕ್ಕೆ ಕ್ಷಮೆಯನ್ನೂ ಕೇಳಿದರು. ಮಗ ಡಾಕ್ಟರ ಎರಡೂ ಕೈ ಹಿಡಿದುಕೊಂಡು ನಕ್ಕ, ನಗುತ್ತಲೇ ಅತ್ತ.

ಅಜ್ಜ ಹೆದರಿಕೊಂಡು ತಮ್ಮನ ಮುಖ ನೋಡಿದ. ತಮ್ಮ ಮೂಗೊರೆಸಿಕೊಂಡು ಗದರಿದ: "ಬದುಕಿದ್ದೀಯಲ್ಲ, ಅಷ್ಟು ಸಾಕು. ಜಗಳಕ್ಕೇನು, ನಿಧಾನಕ್ಕೆ ಆಡೋಣ. ಮೊದ್ಲು ಆ ಸಿಹಿ ತಟ್ಟೆ ಈ ಕಡೆ ಕೊಡು, ಮತ್ತೆ ಗ್ಯಾಸಾದೀತು."

ಡಾಕ್ಟರು ಶಿಳ್ಳೆ ಹಾಕುತ್ತಾ ಆಸ್ಪತ್ರೆಗೆ ಮರಳಿದರು. ಸಂಜೆಯವರೆಗೆ ಕಂಡ ರೋಗಿಗಳನ್ನೆಲ್ಲ ಕೂರಿಸಿ ಮಾತಾಡಿಸಿದರು. ಹೊರಡುವ ಹೊತ್ತಿಗೆ ಕಿಟಕಿಯಾಚೆ ನೋಡುತ್ತಾರೆ, ಇಡೀ ಬೀದಿಯ ಜನ ಪಕ್ಕದ ಮನೆಯಾಕೆಯ ಮುಂದಾಳತ್ವದಲ್ಲಿ ದೊಡ್ಡ ಡಾಕ್ಟರ ಕೋಣೆಗೆ ನುಗ್ಗುತ್ತಿದ್ದಾರೆ!

"ಮುಗೀತು ಸಿಸ್ಟರ್, ದೂರು ಬಂತು" ಎಂದು ಡಾಕ್ಟರು ಗೋಡೆಗೊರಗಿದರು.

ಸ್ವಲ್ಪ ಹೊತ್ತಿಗೆ ಕರೆ ಬಂತು. ಒಳಗೆ ಹೋದರೆ ಚಪ್ಪಾಳೆ! ಅಜ್ಜನ ಮಗ ಕೈಮುಗಿದು ನಿಂತಿದ್ದ. "ಇಂಥ ಡಾಕ್ಟ್ರನ್ನ ನಾವು ಕಂಡಿಲ್ಲ ಸಾರ್. ಮನೆಗೆ ಬಂದು, ಚಿತ್ರ ಬರೆದು, ಮಗು ಕೂಡ ತಿಳ್ಕೊಳ್ಳೋ ಹಾಗೆ ಹೇಳಿದ್ರು" ಎನ್ನುತ್ತಿದ್ದ.

ದೊಡ್ಡ ಡಾಕ್ಟರ ಕಣ್ಣಂಚು ಒದ್ದೆಯಾಗಿತ್ತು. "ನಿಮ್ಮನ್ನ ತಪ್ಪು ತಿಳ್ಕೊಂಡಿದ್ದೆ ಕಣ್ರೀ."

"ಸಾರ್, ಹಾಗಾದ್ರೆ ಸಹಿ..." ಎಂದು ಡಾಕ್ಟರು ರಜೆಯ ಅರ್ಜಿಯನ್ನು ಮುಂದಿಟ್ಟು ಪೆನ್ನಿನ ಮುಚ್ಚಳವನ್ನೂ ತೆಗೆದುಕೊಟ್ಟರು.

"ರಜೆನಾ? ಇಂಥ ಮಾತುಗಾರರನ್ನ ಈಗ ಬಿಟ್ಟುಕೊಡೋದುಂಟಾ! ನಾಳೆಯಿಂದ ಹತ್ತು ದಿನ ನಮ್ಮ ಡಾಕ್ಟ್ರುಗಳಿಗೆಲ್ಲ ತರಬೇತಿ. ರೋಗಿಗಳ ಜೊತೆ ಮಾತಾಡೋದು ಹೇಗೆ, ದಣಿದು ಸೋತುಹೋಗದೆ ಕೆಲಸ ಮಾಡೋದು ಹೇಗೆ ಅಂತ. ಪಾಠ ಹೇಳೋರು ನೀವೇ!"

ಜನ ಮತ್ತೆ ಚಪ್ಪಾಳೆ ತಟ್ಟಿದರು. ಅಷ್ಟು ಪ್ರೀತಿಯ ಎದುರು ಸಿಟ್ಟಾಗುವುದಾದರೂ ಹೇಗೆ? ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಡಾಕ್ಟರು ಎಲ್ಲರಿಗೂ ಕೈಮುಗಿದು, ಕೊನೆಯ ಆಸೆಯಿಂದ ಕೇಳಿದರು: "ಸಾರ್, ಅದಕ್ಕೆ ನಮ್ಮ ತರಬೇತಿ ವಿಭಾಗದ ತಜ್ಞರೇ ಇದ್ದಾರಲ್ಲ?"

"ಅಯ್ಯೋ, ಪಾಪ" ಎಂದರು ದೊಡ್ಡ ಡಾಕ್ಟರು, ದನಿ ತಗ್ಗಿಸಿ. "ಬೆಳಿಗ್ಗೆ ಬಂದು ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದ್ರು ಗೊತ್ತಾ, ತುಂಬ ದಣಿದುಬಿಟ್ಟಿದ್ದೀನಿ ಅಂತ. ಹತ್ತು ದಿನ ರಜೆ ಕೊಟ್ಟು ಕಳಿಸಿದೆ."