ಇಪ್ಪತ್ತೊಂದು ದಿನದ ಕರೆಂಟು ವಿದ್ಯೆ

ಹಾವಿಗೆ ನಾನು ಅಷ್ಟಾಗಿ ಹೆದರುವವನಲ್ಲ; ಅದು ಸರಸರ ಸದ್ದನ್ನಾದರೂ ಮಾಡುತ್ತದೆ. ನಮ್ಮ ಹೆಡ್‌ಮಾಸ್ಟರಿಗೂ ಹೆದರುವುದಿಲ್ಲ. ಅವರಿಗಿಂತ ಮೊದಲು ಅವರ ಕೆಮ್ಮು ಬರುತ್ತದೆ. ನಾನು ಹೆದರುವುದು ಕರೆಂಟಿಗೆ. ಅದು ಇದೆ ಅಂತ ನಮಗೆ ಗೊತ್ತಾಗುವ ಹೊತ್ತಿಗೆ ನಾವು ಇರುತ್ತೇವೋ ಇಲ್ಲವೋ ಎಂಬುದೇ ಅನುಮಾನ. ನಾಗಮಂಗಲದ ಹೈಸ್ಕೂಲಿನಲ್ಲಿ ಚರಿತ್ರೆಯ ಮೇಷ್ಟ್ರಾಗಿ ದೊಡ್ಡ ದೊಡ್ಡ ಯುದ್ಧಗಳನ್ನೆಲ್ಲ ಒಂದೇ ಸೀಮೆಸುಣ್ಣದಲ್ಲಿ ಗೆದ್ದ ನಾನು, ಮನೆಯಲ್ಲಿ ಮಾತ್ರ ದೀಪದ ಸ್ವಿಚ್ಚನ್ನು ಮರದ ಸೌಟಿನಿಂದ ಒತ್ತುತ್ತಿದ್ದೆ.

ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಇಂಥವನ ಹೆಂಡತಿ ಸುನಂದ ತರಕಾರಿ ಚೀಲ ಇಳಿಸುತ್ತಾ, "ರೀ, ಊರಲ್ಲಿ ಹೆಂಗಸರಿಗೆ ವೈರಿಂಗ್ ಕಲಿಸ್ತಾರಂತೆ, ಇಪ್ಪತ್ತೊಂದು ದಿನ. ಹೆಸರು ಕೊಟ್ಟು ಬಂದೆ" ಎಂದಳು. ಗಮನಿಸಿ, ಇದು ಕೇಳಿದ್ದಲ್ಲ, ಹೇಳಿದ್ದು.

"ಹೊಲಿಗೆ ಕ್ಲಾಸು ಇರಲಿಲ್ವೇನೆ?"

"ಇತ್ತು. ಅದಕ್ಕೆ ನಿಮ್ಮ ಹೆಸರು ಕೊಡ್ಲಾ?"

ನಾನು ಉಪ್ಪಿಟ್ಟು ಮಾಡುವುದನ್ನು ಕಲಿತೆ. ಇಪ್ಪತ್ತೊಂದು ದಿನವೂ ಅದನ್ನೇ ಮಾಡಿದೆ.

ನಮ್ಮ ಬೀದಿಯ ಕರೆಂಟಿಗೆಲ್ಲ ಯಜಮಾನ ಸಿದ್ದೇಗೌಡ. ನಮ್ಮ ಮನೆಯ ವೈರಿಂಗೂ ಅವನದೇ. ಶ್ರೀರಂಗಪಟ್ಟಣದ ಒಬ್ಬ ಮೇಸ್ತ್ರಿಯ ಕೈಕೆಳಗೆ ಏಳು ವರ್ಷ ದುಡಿದು ವಿದ್ಯೆ ಕಲಿತವನು. ಸುನಂದಳ ಸರ್ಟಿಫಿಕೇಟು ನೋಡಲು ಅವನನ್ನು ನಾನೇ ಕರೆದಿದ್ದೆ. ಅವನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಕಾಫಿ ಲೋಟ ಕೆಳಗಿಟ್ಟ.

"ಮೊದ್ಲೆರಡು ವರ್ಸ ನಮ್ ಮೇಸ್ತ್ರಿ ನಂಗೆ ವೈರು ಮುಟ್ಟಾಕೇ ಬುಡ್ಲಿಲ್ಲ ಕಣವ್ವ. ಗೋಡೆ ಕೊರ್ಯೋದು, ಪೈಪು ಒರೋದು, ಬೈಸ್ಕೊಳೋದು. ಇಪ್ಪತ್ತೊಂದು ದಿನುಕ್ಕೆ ಮೊಟ್ಟೆ ಮರಿ ಆಯ್ತದೆ, ಎಲೆಕ್ಟ್ರೀಷಿಯನ್ ಆಗಾಕಿಲ್ಲ."

"ಮರಿಯಾಗಿ ಹೊರಗೆ ಬಂದ್ರೆ ಸಾಕು ಗೌಡ್ರೇ. ಕೆದಕಿ ತಿನ್ನೋದನ್ನ ಆಮೇಲೆ ಅದೇ ಕಲ್ಕೊಳ್ಳುತ್ತೆ" ಎಂದಳು ಸುನಂದ. ನಾನು ಇಬ್ಬರ ಮಾತಿಗೂ ತಲೆಯಾಡಿಸಿದೆ. ಚರಿತ್ರೆ ಓದಿದವರಿಗೆ ಈ ಅಭ್ಯಾಸ ಇರುತ್ತದೆ.

ಆಮೇಲೆ ಆ ಭಾನುವಾರ ಬಂತು. ನನ್ನ ತಂಗಿ ಪದ್ಮಳನ್ನು ನೋಡಲು ಸಂತೆಬಾಚಹಳ್ಳಿಯಿಂದ ಗಂಡಿನ ಕಡೆಯವರು ಹನ್ನೊಂದಕ್ಕೆ ಬರುವವರಿದ್ದರು. ಹುಡುಗನ ಫೋಟೋ ಪದ್ಮಳಿಗೆ ಒಪ್ಪಿಗೆಯಾಗಿತ್ತು. ನಾಲ್ಕು ದಿನದಿಂದ ಅದು ಅವಳ ಪುಸ್ತಕದೊಳಗೇ ಇತ್ತು. ಬೆಳಿಗ್ಗೆ ಎಂಟಕ್ಕೆ ಅವಳು ಹಿತ್ತಲಿನ ನಲ್ಲಿ ಮುಟ್ಟಿ ಕಿಟಾರನೆ ಕಿರುಚಿದಳು. ನಲ್ಲಿ ಜುಂ ಅನ್ನುತ್ತಿತ್ತು. ಬಂದವರು ಕಾಲು ತೊಳೆಯುವುದು ಅದೇ ನಲ್ಲಿಯಲ್ಲಿ! ಬೀಗರಾಗುವವರಿಗೆ ಬಾಗಿಲಲ್ಲೇ ಷಾಕು ಕೊಟ್ಟ ಮನೆಯಿಂದ ಯಾರು ಹೆಣ್ಣು ತಂದಾರು? ನಾನು ಸಿದ್ದೇಗೌಡನ ಮನೆಗೆ ಓಡಿದೆ.

ಅವನನ್ನು ಕರೆತರುವಷ್ಟರಲ್ಲಿ ಸುನಂದ ಟೆಸ್ಟರು ಹಿಡಿದು ನಿಂತಿದ್ದಳು. ನಲ್ಲಿಗೆ ತಾಗಿಸಿದರೆ ಟೆಸ್ಟರಿನ ದೀಪ ಹೊತ್ತಿಕೊಳ್ಳುತ್ತಿತ್ತು; ಗೀಸರಿನ ಸ್ವಿಚ್ಚು ಆರಿಸಿದರೆ ಅದೂ ಆರುತ್ತಿತ್ತು.

"ಗೀಸರ್ ಲೀಕ್ ಒಡೀತಾ ಐತೆ. ಬಿಚ್ಚಾಕ್ಬುಡಿ, ಆಯ್ತು" ಎಂದು ಸಿದ್ದೇಗೌಡ ಹೊರಟ.

"ಅಲ್ಲ ಗೌಡ್ರೇ, ಗೀಸರ್ ಲೀಕಾದ್ರೆ ಫ್ಯೂಸು ಹೋಗ್ಬೇಕಿತ್ತು. ನಲ್ಲಿಗೆ ಯಾಕೆ ಬಂತು? ಲೀಕಾದ ಕರೆಂಟನ್ನ ನೆಲಕ್ಕೆ ಇಳಿಸೋ ಅರ್ತೇ ನಮ್ಮನೆಗೆ ಇಲ್ಲ ಅನ್ಸುತ್ತೆ."

ಸಿದ್ದೇಗೌಡನ ಮೀಸೆ ನಿಮಿರಿತು. "ಏನಂದೆ? ನಾನೇ ಕೈಯಾರೆ ಗುಂಡಿ ತೋಡಿ, ಇದ್ದಿಲು ಉಪ್ಪು ಸುರ್ದು ಅರ್ತ್ ಕೊಟ್ಟಿವ್ನಿ!"

"ಎಲ್ಲಿ, ತೋರ್ಸಿ."

ಅವನು ಹಿತ್ತಲಲ್ಲಿ ಹತ್ತು ಹೆಜ್ಜೆ ಅಳೆದು ಬಟ್ಟೆ ಒಗೆಯುವ ಕಲ್ಲಿನ ಮುಂದೆ ನಿಂತ. "ಇಲ್ಲೇ ಇತ್ತು ಕಣವ್ವ..." ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು.

ಆ ಕಲ್ಲನ್ನು ಹಿಂದಿನ ವರ್ಷ ಸಿಮೆಂಟು ಹಾಕಿ ಕೂರಿಸಿದವನು ನಾನೇ. ಆಗ ನೆಲದಿಂದ ಒಂದು ತಂತಿ ಮೇಲೆದ್ದು ಅಡ್ಡ ಬಂದಿತ್ತು. ಬಟ್ಟೆ ಒಣಗಿಸುವ ಹಳೇ ತಂತಿ ಇರಬೇಕೆಂದು ಇಕ್ಕಳದಲ್ಲಿ ಕತ್ತರಿಸಿ ಎಸೆದಿದ್ದೆ. ಜೀವಮಾನದಲ್ಲಿ ನಾನು ಧೈರ್ಯವಾಗಿ, ಸೌಟಿಲ್ಲದೆ ಮಾಡಿದ ಒಂದೇ ಒಂದು ವಿದ್ಯುತ್ ಕೆಲಸ ಅದು.

ಸಿದ್ದೇಗೌಡ ಬೈಯುತ್ತಾನೆಂದುಕೊಂಡೆ. ಅವನು ಅಲ್ಲೇ ಕುಕ್ಕರಗಾಲಲ್ಲಿ ಕೂತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. ಆಮೇಲೆ ನನ್ನ ಕೈಗೆ ಹಾರೆ ಕೊಟ್ಟ. "ಅಗೀರಿ ಮೇಷ್ಟ್ರೇ."

ಮೇನ್ ಸ್ವಿಚ್ಚು ಆರಿಸಿ, ನಾನು ಪಂಚೆ ಎತ್ತಿಕಟ್ಟಿ ಅಗೆದೆ. ತುಂಡಾದ ತಂತಿ ಸಿಕ್ಕಿತು. ಸುನಂದ ಹೊಸ ತಂತಿ ಸೇರಿಸಿ ಸುತ್ತಿದಳು. ಪುಸ್ತಕದಲ್ಲಿದ್ದ ಚಿತ್ರದ ಹಾಗೇ ಅಂದವಾಗಿತ್ತು. ಸಿದ್ದೇಗೌಡ ಎರಡು ಬೆರಳಲ್ಲಿ ಎಳೆದ. ಕಳಚಿ ಬಂತು. "ಕಣ್ಣಿಗೆ ಬಿಗಿಯಾದ್ರೆ ಸಾಲ್ದು, ಕೈಗೆ ಗೊತ್ತಾಗ್ಬೇಕು ಕಣವ್ವ. ಇಂಗೆ, ಉಗುರು ನೋಯೋಗಂಟ ತಿರುವು." ಅವಳು ಮೂರು ಸಲ ಬಿಚ್ಚಿ ಸುತ್ತಿದಳು. ನಾಲ್ಕನೆಯ ಸಲ ಅವನು ಎಳೆದು ತಲೆದೂಗಿದ. ಗೀಸರನ್ನು ಬಿಚ್ಚಿಟ್ಟು, ಗುಂಡಿಗೆ ನಾಲ್ಕು ಕೊಡ ನೀರು ಹುಯ್ದು, ಮೇನ್ ಸ್ವಿಚ್ಚು ಹಾಕಿದರು.

ಅಷ್ಟರಲ್ಲಿ ಹಿಂದಿನಿಂದ ದನಿ ಬಂತು. "ಏನಪ್ಪಾ, ಮೇಷ್ಟ್ರು ಮನೇಲವ್ರಾ?" ಗಂಡಿನ ತಂದೆ, ಮಗನ ಸಮೇತ, ಒಂದು ಗಂಟೆ ಮುಂಚೆಯೇ!

ಮೈಯೆಲ್ಲ ಮಣ್ಣಾಗಿದ್ದ ನಾನು "ಅವ್ರೆ ಬುದ್ಧಿ, ಕೂತ್ಕೊಳಿ" ಎಂದು ಬಚ್ಚಲಿಗೆ ಓಡಿದೆ. ಐದು ನಿಮಿಷಕ್ಕೆ ಇಸ್ತ್ರಿ ಅಂಗಿ ತೊಟ್ಟು ನಾನೇ ಮೇಷ್ಟ್ರಾಗಿ ಬಂದಾಗ ಅವರು ನನ್ನನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ನಲ್ಲಿಗೆ ಕೈ ಹಾಕಿದರು. ನಾನು ಕಣ್ಣು ಮುಚ್ಚಿದೆ. ನೀರು ಬಂತು, ನೀರು ಮಾತ್ರ ಬಂತು.

ನಡೆದದ್ದನ್ನೆಲ್ಲ ಪದ್ಮಳೇ ನಗುತ್ತಾ ಹುಡುಗನಿಗೆ ಹೇಳಿಬಿಟ್ಟಳು. ಹುಡುಗನೂ ನಕ್ಕ. ಹೋಗುವಾಗ ಅವನ ತಂದೆ, "ನಮ್ಮನೆ ಬೋರ್‌ವೆಲ್ ಸ್ಟಾರ್ಟರೂ ಒಂದೊಂದ್ ಕಿತ ಷಾಕ್ ಒಡೀತದೆ ಕಣವ್ವ. ಮಾತುಕತೆಗೆ ಬಂದಾಗ ನೋಡ್ಬುಡು" ಎಂದು ಸುನಂದಳಿಗೆ ಹೇಳಿದರು. ಸಂಬಂಧ ಕುದುರಿತೆಂದು ನಮಗೆ ಗೊತ್ತಾದದ್ದು ಹಾಗೆ.

ಮಾರನೆಯ ವಾರದಿಂದ ಸುನಂದ ಸಿದ್ದೇಗೌಡನ ಜೊತೆ ಕೆಲಸಕ್ಕೆ ಹೊರಟಳು. ಹೊಸ ಸಾಮಾನಿನ ಜೊತೆ ಬರುವ ನಕ್ಷೆಗಳನ್ನು ಅವಳು ಓದಿ ಹೇಳುತ್ತಾಳೆ, ಅವಳು ಸುತ್ತಿದ ತಂತಿಯನ್ನು ಅವನು ಎಳೆದು ನೋಡುತ್ತಾನೆ. ಇಬ್ಬರೂ ಜೋರಾಗಿ ಜಗಳವಾಡುತ್ತಾರೆ. ದೀಪಗಳು ಮಾತ್ರ ಚೆನ್ನಾಗಿ ಉರಿಯುತ್ತವೆ.

ಆ ವರ್ಷವೇ ನಮ್ಮ ಶಾಲೆಯ ಕರೆಂಟಿನ ಗಂಟೆ ಕೆಟ್ಟಿತು. "ನಿಮ್ಮ ಮನೆಯವರಿಗೆ ಒಂದು ಮಾತು ಹೇಳಿ" ಎಂದರು ಹೆಡ್‌ಮಾಸ್ಟರು. ನಾನು ಸ್ಟಾಫ್‌ರೂಮಿನಲ್ಲೇ ಜಂಬದಿಂದ, "ನಾಳೆಯೇ ಮಾಡಿಸೋಣ ಸಾರ್" ಎಂದೆ. ಮನೆಯಲ್ಲಿ ಸುನಂದ ನೋಟ್‌ಬುಕ್ ತೆಗೆದು ನೋಡಿದಳು.

"ಬಿಂಡಿಗನವಿಲೆಯಲ್ಲಿ ಒಂದು ಹೊಸ ಮನೆಯ ವೈರಿಂಗ್ ಹಿಡಿದಿದ್ದೀವಿ. ಮುಂದಿನ ಗುರುವಾರ ಬರ್ತೀವಿ."

"ನಾನು ನಿನ್ನ ಗಂಡ ಕಣೇ!"

"ಅದಕ್ಕೇ ಗುರುವಾರ. ಬೇರೆಯವರಾಗಿದ್ರೆ ಮುಂದಿನ ತಿಂಗಳು."

ಹೀಗಾಗಿ ಆ ವಾರವೆಲ್ಲ ಪ್ರತಿ ಪೀರಿಯಡ್ಡಿಗೂ ಪಾಠ ನಿಲ್ಲಿಸಿ, ಜಗಲಿಗೆ ಓಡಿ, ತೂಗುಹಾಕಿದ ಕಬ್ಬಿಣದ ತುಂಡಿಗೆ ಸುತ್ತಿಗೆಯಿಂದ ಬಡಿಯುವ ಕೆಲಸವನ್ನು ಹೆಡ್‌ಮಾಸ್ಟರು ನನಗೇ ವಹಿಸಿದರು. ಚೆನ್ನಾಗಿ ಬಡಿಯುತ್ತೇನೆಂದು ಮಕ್ಕಳೆಲ್ಲ ಹೊಗಳಿದರು. ಮನೆಗೆ ಹೋಗುವ ಗಂಟೆಯನ್ನು ನಾನು ದಿನಾ ಐದು ನಿಮಿಷ ಮುಂಚೆ ಬಡಿಯುತ್ತಿದ್ದೆ.