ಮಾವನ ಚೊಂಬು, ಏರಿಯ ನೀರು

ನಮ್ಮ ಸೋದರಮಾವ ಮೂವತ್ತು ವರ್ಷ, ಒಂದು ದಿನವೂ ತಪ್ಪದೆ, ಬೆಳಗಾಗೆದ್ದು ಚೊಂಬು ಹಿಡಿದು ಕೆರೆಯ ಕಡೆ ಹೋದವರು. ಅದರಲ್ಲೇನು ವಿಶೇಷ, ಊರೇ ಹೋಗುತ್ತಿತ್ತಲ್ಲ ಅಂತೀರಾ? ಊರಿನವರು ತುಂಬಿದ ಚೊಂಬು ಒಯ್ದು ಖಾಲಿ ತರುತ್ತಿದ್ದರು. ಇವರು ಖಾಲಿ ಒಯ್ದು ತುಂಬಿ ತರುತ್ತಿದ್ದರು!

ನಮ್ಮೂರ ಕೆರೆಗೆ ಯಾವ ಕಾಲದಲ್ಲೋ ಕಟ್ಟಿದ ಮಣ್ಣಿನ ಏರಿ. ಅದರ ಕೆಳಗೇ ಊರು, ತೆಂಗಿನ ತೋಟ, ಕುಡಿಯುವ ನೀರಿನ ಬಾವಿಗಳು. ಏರಿಯ ಬುಡದಲ್ಲಿ ಒಂದು ಕಡೆ ನೀರು ಜಿನುಗುತ್ತಿತ್ತು. ಜಿನುಗು ತಿಳಿಯಾಗಿದ್ದರೆ ಚಿಂತೆಯಿಲ್ಲ. ಕೆಂಪಾದರೆ ಒಳಗೊಳಗೇ ಮಣ್ಣು ಕೊಚ್ಚಿಹೋಗುತ್ತಿದೆ, ಏರಿ ಇನ್ನೇನು ಒಡೆಯುತ್ತದೆ ಎಂದರ್ಥ. ಮಾವನೇನು ಕೆರೆ ಕಾಯುವ ನೀರಗಂಟಿಯಲ್ಲ. ಆದರೂ ದಿನಾ ಆ ನೀರು ತಂದು, ಅವರ ಮನೆಯಲ್ಲೇ ಬೆಳೆದ ನನ್ನ ಮೂಗಿನ ಕೆಳಗೆ ಹಿಡಿಯುತ್ತಿದ್ದರು.

"ನೋಡ್ಲಾ, ತಿಳಿಯೋ ಕೆಂಪೋ?"

"ತಿಳಿ ಮಾವ."

"ಕಣ್ ಬುಟ್ಟು ನೋಡಿ ಹೇಳ್ಲಾ!"

ಹಲ್ಲುಜ್ಜುವ ಮೊದಲೇ ಈ ಪರೀಕ್ಷೆ! ಸಾಕುಸಾಕಾಗಿ ಹೋಗಿತ್ತು ಕಣ್ರೀ.

ನನ್ನ ಮದುವೆಯ ದಿನವಾದರೂ ಬಿಟ್ಟರೇ? ಧಾರೆಯ ಹೊತ್ತಿಗೆ ಸರಿಯಾಗಿ ಚೊಂಬು ಹಿಡಿದು ಚಪ್ಪರಕ್ಕೆ ಬಂದರು. ಧಾರೆಗೆ ತಂದ ನೀರೆಂದುಕೊಂಡು ಅಯ್ಯನವರು ಅದನ್ನು ಈಸಿಕೊಂಡು ನಮ್ಮ ಕೈಮೇಲೆ ಸುರಿದೇಬಿಟ್ಟರು! "ಇವ್ನು ಇನ್ನೂ ನೋಡೇ ಇರ್ಲಿಲ್ಲ ಕಣ್ರೀ!" ಎಂದು ಕೂಗಿ ಮಾವ ಮತ್ತೆ ಏರಿಗೆ ಓಡಿದರು. ಅಕ್ಷತೆ ಹಾಕುವುದಕ್ಕೂ ಸಿಗಲಿಲ್ಲ. "ನಂದು ಸೋರಿದ ನೀರಿನ ಮದ್ವೆ" ಎಂದು ನನ್ನ ಹೆಂಡತಿ ಇವತ್ತಿಗೂ ಹಂಗಿಸುತ್ತಾಳೆ.

ವಯಸ್ಸು ಎಂಬತ್ತರ ಆಸುಪಾಸಿಗೆ ಬಂದಾಗ ಮಾವನ ಕಣ್ಣಿಗೆ ಪೊರೆ ಬಂತು. ತಿಪಟೂರಿನಲ್ಲಿ ಆಪರೇಷನ್ ಮಾಡಿಸೋಣವೆಂದರೆ, "ಪಟ್ಟಿ ಕಟ್ಕೊಂಡು ಮಲಿಕ್ಕಂಡ್ರೆ ಏರಿ ಯಾರ್ಲಾ ನೋಡ್ತಾರೆ?" ಎಂದರು. ಆ ಕಣ್ಣಲ್ಲಿ ಇವರೇನು ನೋಡುತ್ತಿದ್ದರೋ ಶಿವನೇ ಬಲ್ಲ! ಕೊನೆಗೆ ಚೊಂಬನ್ನು ನನ್ನ ತಲೆಗೆ ಕಟ್ಟಿದರು.

ಆ ವರ್ಷ ಮಳೆ ಹಿಡಿದು ಕೆರೆ ಕೋಡಿ ಬಿತ್ತು. ಕೆಸರು ತುಳಿದು ತುಳಿದು ಬೇಸತ್ತ ನಾನು ಒಂದು ಬೆಳಗ್ಗೆ ಹಿತ್ತಿಲ ಬಾವಿಯಿಂದಲೇ ಚೊಂಬು ತುಂಬಿ ತಂದೆ.

"ತಿಳಿ ಮಾವ."

ಮಾವ ಒಂದು ಗುಟುಕು ಕುಡಿದರು. "ಇದು ನಮ್ ಬಾವಿ ನೀರು ಕಣ್ಲಾ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ, ತಡಕಾಡಿ ಕೋಲು ಹುಡುಕಿಕೊಂಡು ಮಳೆಯಲ್ಲೇ ಹೊಸಿಲು ದಾಟಿದರು. ನಾಚಿಕೆಯಿಂದ ಸತ್ತುಹೋದ ಹಾಗಾಯಿತು. ಅವರನ್ನು ಹಿಡಿದು ಕೂರಿಸಿ ನಾನೇ ಏರಿಗೆ ಓಡಿದೆ.

ನೀರು ಕೆಂಪಗೆ ಬರುತ್ತಿತ್ತು!

ನಾನು ಬಾಯಿ ಬಡಿದುಕೊಂಡ ರಭಸಕ್ಕೆ ಊರೇ ಗುದ್ದಲಿ, ಮಣ್ಣು ಹೊರುವ ಮಂಕರಿ ಹಿಡಿದು ಬಂತು. ತೂಬು ಎತ್ತಿ ನೀರು ಬಿಟ್ಟು, ಏರಿಯ ಒಳಮೈಯಲ್ಲಿದ್ದ ಬಿಲ ಹುಡುಕಿ, ಹುಲ್ಲು, ಜೇಡಿಮಣ್ಣು ತುಂಬಿ ತುಳಿಯುವಷ್ಟರಲ್ಲಿ ಸಂಜೆಯಾಯಿತು. ನನ್ನ ಸೊಂಟ ಬಿದ್ದುಹೋಗಿತ್ತು. ಏರಿ ಉಳಿಯಿತು.

ಜಿನುಗು ತಿಳಿಯಾದ ಮೇಲೆ ಚೊಂಬು ತುಂಬಿ ತಂದು ಮಾವನ ಕೈಗಿಟ್ಟು, "ತಿಳಿ ಮಾವ" ಅಂದೆ. ಅವರು ಚೊಂಬನ್ನು ಹಾಗೇ ಪಕ್ಕಕ್ಕಿಟ್ಟರು.

"ಕುಡಿದು ನೋಡಲ್ವ ಮಾವ?" ಕೇಳುವಷ್ಟರಲ್ಲಿ ನನಗೆ ಅಳು ಬಂದಿತ್ತು.

"ನೀನ್ ನೋಡಿದ್ಯಲ್ಲ, ಬುಡು."